ಮಸ್ಕಿಯ ಬಂಡೆಯೂ ಇಂಡಿಯಾ ಎಂಬ ಹೆಸರೂ

ರಾಯಚೂರು ಜಿಲ್ಲೆಯ ಮಸ್ಕಿ ಚರಿತ್ರೆಯ ಪುಸ್ತಕಗಳಲ್ಲಿ ಜಾಗ ಪಡೆದಿರುವುದು ಒಬ್ಬ ದೊರೆಯ ಹೆಸರಿನಿಂದ. 1915ರ ಜನವರಿಯಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರಿಗೆ ಅಲ್ಲಿನ ಗುಡ್ಡದಲ್ಲಿ ಬ್ರಾಹ್ಮೀ ಲಿಪಿಯ ಬರಹವಿದ್ದ ಬಂಡೆಯೊಂದು ಕಂಡಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಅದುವರೆಗೆ ಸಿಕ್ಕಿದ್ದ ಧರ್ಮಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದು, ಆ ಬಿರುದಿನ ದೊರೆ ಮೌರ್ಯ ಅಶೋಕನೇ ಎಂಬುದು ಸಿಂಹಳದ ಗ್ರಂಥಗಳ ಆಧಾರದಿಂದ ಮಾಡಿದ ಊಹೆಯಾಗಿತ್ತು. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ಕಾಣಿಸಿಕೊಂಡು ಊಹೆಗೆ ಮುದ್ರೆ ಒತ್ತಿತು. ಆದರೆ ಅದೇ ಬಂಡೆಯ ಮೇಲೆ, ಅದೇ ಬರಹದೊಳಗೆ, ಇನ್ನೊಂದು ಹೆಸರೂ ಇದೆ. ಅದು ದೊರೆಯದಲ್ಲ, ದೇಶದ್ದು. ದೊರೆಯ ಹೆಸರಿನ ಪ್ರಭೆಯಲ್ಲಿ ದೇಶದ ಹೆಸರು ಮಬ್ಬಾಗಿಬಿಟ್ಟಿದೆ.

ಆ ಹೆಸರು 'ಜಂಬೂದ್ವೀಪ'. ಪ್ರಾಕೃತದಲ್ಲಿ ಅದರ ರೂಪ 'ಜಂಬುದೀಪ'. ಹಿಂದೆ ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂಬ ಅರ್ಥದ ವಾಕ್ಯದಲ್ಲಿ ಅದು ಬರುತ್ತದೆ. ಕಲ್ಲು ಅಲ್ಲಲ್ಲಿ ಸವೆದಿರುವುದರಿಂದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯೇ ಮೊದಲಾದ ಕಡೆಗಳ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ವಿದ್ವಾಂಸರು ಈ ವಾಕ್ಯವನ್ನು ಪೂರ್ತಿಗೊಳಿಸಿಕೊಳ್ಳುತ್ತಾರೆ. ಇದನ್ನು ಇಂಗ್ಲಿಷಿಗೆ ತಂದವರಲ್ಲಿ ಕೆಲವರು ಜಂಬೂದ್ವೀಪ ಎಂದೇ ಉಳಿಸಿಕೊಂಡಿದ್ದರೆ, ಕೆಲವರು ನೇರವಾಗಿ 'ಇಂಡಿಯಾ' ಎಂದು ಬರೆದಿದ್ದಾರೆ. ಅನುವಾದಕನು ಹೀಗೆ ಒಂದು ಹೆಸರಿನ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗ ಏನು ಬದಲಾಗುತ್ತದೆ, 'ಇಂಡಿಯಾ' ಎಂಬ ಇಂಗ್ಲಿಷ್ ಹೆಸರಿಗೆ ನಿಜವಾಗಿ ಅರ್ಥವೇನು, ಅದನ್ನು ಯಾರು ಯಾವಾಗ ಯಾವ ನೆಲಕ್ಕೆ ಬಳಸಿದರು ಎಂಬ ಪ್ರಶ್ನೆಗಳನ್ನು ಕೇಳಲು ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಸೀಮೆಗಿಂತ ತಕ್ಕ ಜಾಗ ಸಿಗಲಾರದು.

ಮೊದಲು 'ಜಂಬೂದ್ವೀಪ'ವನ್ನೇ ಬಿಡಿಸಿ ನೋಡಬಹುದು. ಜಂಬು ಎಂದರೆ ನೇರಳೆ. ದ್ವೀಪ ಎಂದರೆ ಇಂದಿನ ಕನ್ನಡದಲ್ಲಿ ಸುತ್ತ ನೀರಿರುವ ನೆಲ. ಆದರೆ ಪದದ ಒಡಲಿನಲ್ಲಿ ಸುತ್ತುವ ನೀರಿಲ್ಲ, ಎರಡು ಬದಿಯ ನೀರಿದೆ. 'ದ್ವಿ' ಎಂದರೆ ಎರಡು, 'ಅಪ್' ಎಂದರೆ ನೀರು. ಇವೆರಡು ಕೂಡಿದಾಗ 'ಅಪ್' ಎಂಬುದರ ಅಕಾರವು ಈಕಾರವಾಗುತ್ತದೆಂದು ಪಾಣಿನಿ ತನ್ನ ಅಷ್ಟಾಧ್ಯಾಯಿಯಲ್ಲಿ ಸೂತ್ರವನ್ನೇ ಮಾಡಿದ್ದಾನೆ. ನಿತ್ಯವೂ ಬಳಸುವ 'ಸಮೀಪ' ಎಂಬ ಮಾತೂ ಇದೇ ಸೂತ್ರದ ಕೂಸು. ಇನ್ನು ಮಸ್ಕಿ ಇರುವ ಸೀಮೆಯ ಹೆಸರನ್ನು ಗಮನಿಸಬೇಕು. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ಈ ನೆಲವನ್ನು ಚರಿತ್ರೆಯ ಪುಸ್ತಕಗಳು 'ರಾಯಚೂರು ದೋಆಬ್' ಎಂದು ಕರೆಯುತ್ತವೆ. ದೋಆಬ್ ಪಾರಸಿಯ ಮಾತು: 'ದೋ' ಎಂದರೆ ಎರಡು, 'ಆಬ್' ಎಂದರೆ ನೀರು, ಪಂಜಾಬಿನ ಕೊನೆಯಲ್ಲೂ ಗುಲಾಬಿಯ ನಡುವಿನಲ್ಲೂ ಇರುವುದು ಇದೇ 'ಆಬ್'. ಪಾರಸಿಯೂ ಸಂಸ್ಕೃತವೂ ಒಂದೇ ಮೂಲದ ಅಕ್ಕತಂಗಿ ಭಾಷೆಗಳಾದ್ದರಿಂದ ದ್ವಿ ಮತ್ತು ದೋ, ಅಪ್ ಮತ್ತು ಆಬ್ ಒಂದೇ ಬೇರಿನ ಚಿಗುರುಗಳು. ಅಂದರೆ ಬಂಡೆಯ ಮೇಲಿನ 'ದ್ವೀಪ'ವೂ ಬಂಡೆಯ ಕೆಳಗಿನ ನೆಲದ 'ದೋಆಬ್' ಎಂಬ ಹೆಸರೂ ಮೂಲದಲ್ಲಿ ಒಂದೇ ಮಾತು. ಕನ್ನಡ ಶಾಸನಗಳು ಇದೇ ಸೀಮೆಯನ್ನು 'ಎಡೆದೊರೆ ಎರಡುಸಾಸಿರ' ಎಂದು ಕರೆದಿವೆ. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಬೆಟ್ಟದಾವರೆಯಲ್ಲಿ ಆಗುವಂತೆ ಇಲ್ಲಿಯೂ ತಕಾರಕ್ಕೆ ದಕಾರ ಬಂದು ಎಡೆದೊರೆಯಾಗಿದೆ. ರಾಜೇಂದ್ರ ಚೋಳನ ಪ್ರಶಸ್ತಿಯಲ್ಲಿ ಬರುವ 'ಇಡೈತುರೈನಾಡು' ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕನ್ನಡದವರಾಗಲಿ ಪಾರಸಿಯವರಾಗಲಿ ಒಬ್ಬರನ್ನೊಬ್ಬರು ಕೇಳಿ ಹೆಸರಿಟ್ಟವರಲ್ಲ. ಎರಡೂ ಕಡೆಯ ನೀರೇ ಹೆಸರು ಹೇಳಿಕೊಟ್ಟಿತು.

ಇಂಡಿಯಾ ಎಂಬುದೂ ನೀರಿನಿಂದಲೇ ಹುಟ್ಟಿದ ಹೆಸರು. ಸಂಸ್ಕೃತದಲ್ಲಿ 'ಸಿಂಧು' ಎಂದರೆ ಹೊಳೆ, ಮುಖ್ಯವಾಗಿ ವಾಯವ್ಯದ ಆ ಒಂದು ಮಹಾನದಿ. ಸಂಸ್ಕೃತದ ಸಕಾರವು ಇರಾನಿನ ಮಾತಿನಲ್ಲಿ ಹಕಾರವಾಗುವುದು ವಾಡಿಕೆ: ಸಪ್ತ ಎಂಬುದು ಹಫ್ತ್ ಆಯಿತು, ವಾರಕ್ಕೊಮ್ಮೆ ಕಟ್ಟುವ ಕಂತಿಗೆ ಹೈದರಾಬಾದ್ ಸೀಮೆಯ ಕನ್ನಡದಲ್ಲಿ ಹೇಳುವ 'ಹಫ್ತಾ' ಅದರಿಂದಲೇ ಬಂತು. ಹೀಗೆಯೇ ಸಿಂಧು 'ಹಿಂದು' ಆಗಿ, ಕ್ರಿಸ್ತಪೂರ್ವ ಆರು ಮತ್ತು ಐದನೆಯ ಶತಮಾನಗಳ ಸಂಧಿಯಲ್ಲಿ ಆಳಿದ ಪಾರಸಿ ಚಕ್ರವರ್ತಿ ದಾರಯವಹುವಿನ ಶಾಸನಗಳಲ್ಲಿ ಅವನ ಒಂದು ಪ್ರಾಂತದ ಹೆಸರಾಗಿ ನಿಂತಿತು. ಆಗ ಅದು ಮತದ ಹೆಸರಲ್ಲ, ಹೊಳೆಯ ಬದಿಯ ನೆಲದ ಹೆಸರು. ಅಯೋನಿಯದ ಗ್ರೀಕರ ನಾಲಗೆಯಲ್ಲಿ ಹಕಾರ ನಿಲ್ಲದೆ, ಹೊಳೆ 'ಇಂಡೋಸ್' ಆಯಿತು, ನಾಡು 'ಇಂಡಿಯಾ' ಅಥವಾ 'ಇಂಡಿಕೆ' ಆಯಿತು. ಅಶೋಕನ ಅಜ್ಜ ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸನು ತನ್ನ ಗ್ರಂಥಕ್ಕಿಟ್ಟ ಹೆಸರು 'ಇಂಡಿಕಾ'. ಹೊರಗಿನವನು ಇಂಡಿಕಾ ಎಂದು ಬರೆದ ಎರಡು ತಲೆಮಾರಿನ ಬಳಿಕ ಒಳಗಿನವನು ಮಸ್ಕಿಯಲ್ಲಿ ಜಂಬೂದ್ವೀಪ ಎಂದು ಬರೆಸಿದನು. ಆದ್ದರಿಂದ ಇಂಡಿಯಾ ಎಂಬ ಹೆಸರನ್ನು ಇಂಗ್ಲಿಷರು ಕಟ್ಟಿಕೊಂಡು ಬಂದು ಈ ದೇಶದ ಕೊರಳಿಗೆ ತೂಗುಹಾಕಿದರು ಎಂಬ ಮಾತು ಎಷ್ಟು ಸಲ ಕೇಳಿಬಂದರೂ ನಿಜವಲ್ಲ. ಲಂಡನ್ನಿನಲ್ಲಿ 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹುಟ್ಟುವಾಗ ಆ ಹೆಸರಿಗೆ ಎರಡು ಸಾವಿರ ವರ್ಷ ವಯಸ್ಸಾಗಿತ್ತು. ಹಳೆಯ ಇಂಗ್ಲಿಷಿಗೆ ಅದು ಲ್ಯಾಟಿನ್ನಿನ ಮೂಲಕ ಬಂದು, ನಡುಗಾಲದಲ್ಲಿ ಫ್ರೆಂಚಿನ ಪ್ರಭಾವದಿಂದ 'ಇಂಡ್' ಎಂದು ಮೊಟಕಾಗಿ, ಮತ್ತೆ ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಇಂಡಿಯಾ ಎಂದು ನೆಲೆಗೊಂಡಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗುತ್ತದೆ. ಸಿಂಧನೂರು ಎಂಬ ಹೆಸರಿನ ಮೊದಲ ಅಕ್ಷರಗಳಲ್ಲಿ ಸಿಂಧು ಕೇಳಿಸುವುದರಿಂದ ಆ ಊರಿಗೂ ಆ ನದಿಗೂ ನಂಟು ಕಟ್ಟುವ ಆಸೆ ಯಾರಿಗಾದರೂ ಆಗಬಹುದು. ಈ ಭಾಗದ ಚರಿತ್ರೆಯಲ್ಲಿ ಯಲಬುರ್ಗೆಯ ಸಿಂದರೆಂಬ ಅರಸು ಮನೆತನವೂ ಇರುವುದರಿಂದ ಇನ್ನೊಬ್ಬರಿಗೆ ಆ ಕಡೆ ಮನಸ್ಸು ಹೋಗಬಹುದು. ದನಿಯ ಹೋಲಿಕೆಯೊಂದೇ ಸ್ಥಳನಾಮಕ್ಕೆ ಪುರಾವೆಯಾಗುವುದಿಲ್ಲ; ಹಳೆಯ ಶಾಸನಗಳಲ್ಲಿ ಊರಿನ ರೂಪ ಏನಿತ್ತು ಎಂಬುದೇ ತೀರ್ಮಾನಿಸಬೇಕು. ಮಸ್ಕಿಯ ವಿಷಯದಲ್ಲಿ ಅಂಥ ಆಧಾರವಿದೆ: ಚಾಲುಕ್ಯರ ಕಾಲದ ಶಾಸನಗಳು ಅದನ್ನು 'ಪಿರಿಯ ಮೊಸಂಗಿ' ಎನ್ನುತ್ತವೆ.

ಹೆಸರಿನ ಹುಟ್ಟು ಒಂದು ವಿಷಯ, ಅದರ ಬಳಕೆ ಇನ್ನೊಂದು. ಹುಟ್ಟಿನಿಂದ ಅರ್ಥ ತಿಳಿಯುತ್ತದೆಂದು ನಂಬಿದವರು ಬಳಕೆಯಲ್ಲಿ ಎಡವುತ್ತಾರೆ. ಇಂಗ್ಲಿಷ್ ಆಡಳಿತದಲ್ಲಿ ಇಂಡಿಯಾ ಎಂದರೆ ಎಷ್ಟು ನೆಲ ಎಂಬುದಕ್ಕೆ ಲಿಂಗಸುಗೂರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಿಜಾಮನು ತನ್ನ ಸಾಲದ ಬಾಬತ್ತಿಗೆ 1853ರ ಒಪ್ಪಂದದಲ್ಲಿ ಬೇರಾರಿನ ಜೊತೆಗೆ ರಾಯಚೂರು ದೋಆಬನ್ನೂ ಕಂಪನಿಯ ಕೈಗೆ ಒಪ್ಪಿಸಿದನು. 1860ರಲ್ಲಿ ದೋಆಬ್ ಮರಳಿ ನಿಜಾಮನಿಗೆ ಬಂತು. ಆ ಏಳು ವರ್ಷ ಇಲ್ಲಿನ ರೈತ ಇಂಗ್ಲಿಷ್ ಅಧಿಕಾರಿಗೆ ಕಂದಾಯ ಕಟ್ಟಿದನು, ಎಂಟನೆಯ ವರ್ಷ ಮತ್ತೆ ಹೈದರಾಬಾದಿಗೆ. ಲಿಂಗಸುಗೂರಿನಲ್ಲಿ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಸೈನ್ಯದ ಛಾವಣಿ ಇತ್ತು. 1905ರಲ್ಲಿ ರಾಯಚೂರಿನೊಡನೆ ಸೇರಿಹೋಗುವವರೆಗೂ ಅದೇ ಒಂದು ಜಿಲ್ಲೆಯ ಮುಖ್ಯ ಊರೂ ಆಗಿತ್ತು. ಹೀಗಿದ್ದ ನೆಲ ಇಂಡಿಯಾದೊಳಗಿತ್ತೆ? ಬ್ರಿಟಿಷ್ ಸಂಸತ್ತು 1889ರಲ್ಲಿ ಕಾನೂನಿನ ಪದಗಳಿಗೆ ಅರ್ಥ ನಿಗದಿಮಾಡುವ ಕಾಯಿದೆಯೊಂದನ್ನು ಮಾಡಿ, ಅದರಲ್ಲಿ 'ಬ್ರಿಟಿಷ್ ಇಂಡಿಯಾ' ಮತ್ತು 'ಇಂಡಿಯಾ' ಎಂಬ ಎರಡು ಮಾತುಗಳನ್ನು ಬೇರೆಬೇರೆಯಾಗಿ ವಿವರಿಸಿತು: ಗವರ್ನರ್ ಜನರಲ್ ಮತ್ತು ಅವನ ಕೈಕೆಳಗಿನವರು ನೇರವಾಗಿ ಆಳುವ ನೆಲ ಬ್ರಿಟಿಷ್ ಇಂಡಿಯಾ, ಅದರ ಜೊತೆಗೆ ರಾಣಿಯ ಮೇಲಾಳಿಕೆಗೆ ಒಳಪಟ್ಟ ದೇಶೀ ಸಂಸ್ಥಾನಗಳ ನೆಲವೂ ಸೇರಿದರೆ ಇಂಡಿಯಾ. ಹೀಗಾಗಿ 1915ರಲ್ಲಿ ಬೀಡನ್ ಬಂಡೆ ಕಂಡಾಗ ಮಸ್ಕಿಯು ಇಂಡಿಯಾದಲ್ಲಿತ್ತು, ಬ್ರಿಟಿಷ್ ಇಂಡಿಯಾದಲ್ಲಿ ಇರಲಿಲ್ಲ. ಅಲ್ಲಿನ ಒಕ್ಕಲಿಗನು ಹೊರದೇಶಕ್ಕೆ ಹೋದರೆ ಬ್ರಿಟಿಷ್ ಪ್ರಜೆಯಲ್ಲ, 'ಬ್ರಿಟಿಷ್ ರಕ್ಷಿತ ವ್ಯಕ್ತಿ' ಎನಿಸಿಕೊಳ್ಳುತ್ತಿದ್ದನು. ತುಂಗಭದ್ರೆಯ ಆಚೆ ದಡದ ಸಿರುಗುಪ್ಪದವನಾದರೋ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದರಿಂದ ನೇರಾನೇರ ಬ್ರಿಟಿಷ್ ಇಂಡಿಯಾದವನು. ಇದೇ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೆಗೊಳದಲ್ಲಿ ಮುಂದೆ ಅಶೋಕನ ಹೆಸರುಳ್ಳ ಶಾಸನಗಳು ಸಿಕ್ಕವು ಎಂಬುದನ್ನು ನೆನೆದರೆ, ಮೌರ್ಯನ ಲೆಕ್ಕಕ್ಕೆ ಒಂದೇ ಆಗಿದ್ದ ಎರಡು ದಡಗಳನ್ನು ಇಂಗ್ಲಿಷ್ ಕಾನೂನು ಎರಡು ಮಾಡಿತ್ತೆಂಬುದು ಮನದಟ್ಟಾಗುತ್ತದೆ.

ಈ ಎರಡು ಇಂಡಿಯಾಗಳ ಒಡಕು ತೀರಾ ಹರಿತವಾದದ್ದು 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗಿನ ಹದಿಮೂರು ತಿಂಗಳಲ್ಲಿ. ಸ್ವಾತಂತ್ರ್ಯದ ಕಾಯಿದೆ 'ಇಂಡಿಯಾ' ಮತ್ತು 'ಪಾಕಿಸ್ತಾನ' ಎಂಬ ಎರಡು ಡೊಮಿನಿಯನ್ನುಗಳನ್ನು, ಅಂದರೆ ತಮ್ಮ ಆಡಳಿತ ತಾವೇ ನಡೆಸುವ ರಾಜ್ಯಗಳನ್ನು, ಸ್ಥಾಪಿಸಿತು. ಹೈದರಾಬಾದ್ ಎರಡಕ್ಕೂ ಸೇರಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ ಆಗಸ್ಟ್ 7ರಂದೇ ಇಂಡಿಯಾ ಒಕ್ಕೂಟಕ್ಕೆ ಸೇರುವ ಚಳವಳಿಯನ್ನು ಆರಂಭಿಸಿತ್ತು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದದ್ದು, ಆ ಊರುಗಳು ಸಂಸ್ಥಾನದ ಗಡಿಯಾಚೆ, ಇಂಡಿಯಾದೊಳಗೆ ಇದ್ದುದರಿಂದ. ಸಾವಿರಾರು ವರ್ಷಗಳಿಂದ ಜಂಬೂದ್ವೀಪದೊಳಗೇ ಇದ್ದ ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಜನಕ್ಕೆ ಆ ಹದಿಮೂರು ತಿಂಗಳು ಇಂಡಿಯಾ ಎಂಬುದು ಸೇರಿಕೊಳ್ಳಬೇಕಾದ ನೆರೆಯ ನಾಡಿನ ಹೆಸರಾಗಿತ್ತು. ಇದೇ ಕಾಲದಲ್ಲಿ ಪಾಕಿಸ್ತಾನದ ಜಿನ್ನಾ ಅವರಿಗೂ ಈ ಹೆಸರಿನ ಮೇಲೆ ಮುನಿಸಿತ್ತು. ಅದು ಒಡೆಯುವ ಮುಂಚಿನ ಇಡೀ ದೇಶದ ಹೆಸರು, ಒಂದು ಪಾಲಿನವರು ಅದನ್ನು ಇಟ್ಟುಕೊಳ್ಳುವುದು ತಪ್ಪುದಾರಿಗೆಳೆಯುವಂಥದು ಎಂಬುದು ಅವರ ತಕರಾರು. ಸಿಂಧೂ ನದಿಯ ಹೆಚ್ಚಿನ ಪಾಲು ಪಾಕಿಸ್ತಾನಕ್ಕೆ ಹೋಗಿ, ನದಿಯಿಂದ ಹುಟ್ಟಿದ ಹೆಸರು ಮಾತ್ರ ಭಾರತಕ್ಕೆ ಉಳಿದದ್ದು ನಾಮಚರಿತ್ರೆಯ ವಿಚಿತ್ರಗಳಲ್ಲೊಂದು.

ಹೈದರಾಬಾದ್ ಒಕ್ಕೂಟಕ್ಕೆ ಸೇರಿ ಒಂದು ವರ್ಷದ ಮೇಲೆ ಒಂದು ದಿನ ಕಳೆದಾಗ, 1949ರ ಸೆಪ್ಟೆಂಬರ್ 18ರಂದು, ಸಂವಿಧಾನ ಸಭೆ ಮೊದಲನೆಯ ಅನುಚ್ಛೇದವನ್ನು ಕೊನೆಯ ಸಲ ಚರ್ಚಿಸಿತು. ಇಂಡಿಯಾ, ಅಂದರೆ ಭಾರತ, ರಾಜ್ಯಗಳ ಒಕ್ಕೂಟವಾಗಿರತಕ್ಕದ್ದು ಎಂಬುದು ಡಾ. ಅಂಬೇಡ್ಕರರು ಮಂಡಿಸಿದ ಇಂಗ್ಲಿಷ್ ಪಠ್ಯದ ಸಾರ. ಇದಕ್ಕೆ ತಿದ್ದುಪಡಿ ತಂದವರಲ್ಲಿ ಮುಖ್ಯರಾದ ಹರಿ ವಿಷ್ಣು ಕಾಮತರು ಮಂಗಳೂರಿನಲ್ಲಿ ಹುಟ್ಟಿ, ಮಧ್ಯಪ್ರಾಂತದಿಂದ ಸಭೆಗೆ ಬಂದಿದ್ದವರು. ಭಾರತ ಅಥವಾ ಇಂಗ್ಲಿಷ್ ಭಾಷೆಯಲ್ಲಿ ಇಂಡಿಯಾ ಎಂಬ ಕ್ರಮದಲ್ಲಿ ಹೆಸರಿರಲಿ ಎಂಬುದು ಅವರ ಸೂಚನೆಯ ತಿರುಳು. ಅದಕ್ಕೆ ಅವರು 1937ರ ಐರ್ಲೆಂಡಿನ ಸಂವಿಧಾನದ ಮಾದರಿಯನ್ನು ತೋರಿಸಿದರು; ಅಲ್ಲಿನ ನಾಲ್ಕನೆಯ ಅನುಚ್ಛೇದ ದೇಶದ ಹೆಸರು 'ಏರ' ಎಂದೂ ಇಂಗ್ಲಿಷಿನಲ್ಲಿ ಐರ್ಲೆಂಡ್ ಎಂದೂ ಹೇಳುತ್ತದೆ. ಸೇಠ್ ಗೋವಿಂದದಾಸ್, ಕಮಲಾಪತಿ ತ್ರಿಪಾಠಿ, ಹರಗೋವಿಂದ ಪಂತರು ಭಾರತ, ಭಾರತವರ್ಷಗಳ ಪರವಾಗಿ ಮಾತನಾಡಿದರು. ಕಾಮತರ ತಿದ್ದುಪಡಿಗೆ ಪರವಾಗಿ 38, ವಿರುದ್ಧವಾಗಿ 51 ಮತಗಳು ಬಿದ್ದು ಅದು ಸೋತಿತು. ಸೋತದ್ದು ನಷ್ಟವೇ ಎನ್ನಬೇಕು. 'ಇಂಡಿಯಾ ಅಂದರೆ ಭಾರತ' ಎಂಬಲ್ಲಿ ಎರಡು ಹೆಸರು ಸಮಾನವೆಂಬುದು ತಿಳಿಯುತ್ತದೆ, ಯಾವುದು ಯಾವ ಭಾಷೆಯದು ಎಂಬುದು ತಿಳಿಯುವುದಿಲ್ಲ. ಕಾಮತರ ಮಾತು ಆ ಗೆರೆಯನ್ನು ಎಳೆಯುತ್ತಿತ್ತು. ಸಂವಿಧಾನದ ಹಿಂದಿ ಪಠ್ಯದಲ್ಲಿ ಕ್ರಮ ತಿರುವುಮುರುವಾಗಿ ಭಾರತ ಮೊದಲು, ಇಂಡಿಯಾ ಆಮೇಲೆ ಬರುವುದು, ಮತದಲ್ಲಿ ಸೋತ ಆ ವಿವೇಕ ಭಾಷಾಂತರದ ಬಾಗಿಲಿನಿಂದ ಒಳಗೆ ಬಂದಂತೆ ಇದೆ.

ಕಾಮತರು ತೋರಿಸಿದ ಐರ್ಲೆಂಡಿನ ಕಥೆಗೆ ಅವರು ಹೇಳದ ಇನ್ನೊಂದು ಮುಖವಿದೆ. ದೇಶೀ ಹೆಸರನ್ನು ಇಂಗ್ಲಿಷಿನಲ್ಲಿ ಬಳಸಿದರೆ ಆ ದೇಶಕ್ಕೆ ಮರ್ಯಾದೆ ಕೊಟ್ಟಂತೆ ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ 1938ರಿಂದ ಬ್ರಿಟಿಷ್ ಸರ್ಕಾರ ತನ್ನ ಇಂಗ್ಲಿಷ್ ಕಾನೂನುಗಳಲ್ಲೇ 'ಏರ' ಎಂದು ಬರೆಯತೊಡಗಿದಾಗ ಐರಿಷರು ಹಿಗ್ಗಲಿಲ್ಲ. ದ್ವೀಪದ ಉತ್ತರದ ಆರು ಕೌಂಟಿಗಳು ಬ್ರಿಟನ್ನಿನಲ್ಲಿಯೇ ಉಳಿದಿದ್ದವು; ದಕ್ಷಿಣದ ರಾಜ್ಯವನ್ನು ಐರ್ಲೆಂಡ್ ಎಂದು ಕರೆದರೆ ಇಡೀ ದ್ವೀಪದ ಮೇಲೆ ಅದರ ಹಕ್ಕನ್ನು ಒಪ್ಪಿಕೊಂಡಂತಾದೀತೆಂಬ ಅಳುಕಿನಿಂದ ಲಂಡನ್ ದೇಶೀ ಹೆಸರಿನ ಮರೆ ಹೊಕ್ಕಿತ್ತು. ಇಂಗ್ಲಿಷಿನಲ್ಲಿ ತಮ್ಮ ದೇಶದ ಇಂಗ್ಲಿಷ್ ಹೆಸರನ್ನೇ ಹೇಳಿ ಎಂದು ಐರಿಷರು ದಶಕಗಳ ಕಾಲ ಕೇಳಬೇಕಾಯಿತು. ಇದಕ್ಕೆ ತದ್ವಿರುದ್ಧವಾಗಿ, ಪರ್ಷಿಯಾವನ್ನು 1935ರಿಂದ ಇರಾನ್ ಎಂದೂ, ಸಿಲೋನನ್ನು 1972ರಿಂದ ಶ್ರೀಲಂಕಾ ಎಂದೂ ಇಂಗ್ಲಿಷಿನಲ್ಲೇ ಕರೆಯಬೇಕೆಂದು ಆಯಾ ದೇಶಗಳೇ ಕೇಳಿಕೊಂಡವು. ಹೆಸರು ಯಾವುದೆಂಬುದಕ್ಕಿಂತ ಅದನ್ನು ಆರಿಸಿದವರು ಯಾರೆಂಬುದೇ ಇಲ್ಲಿ ಮುಖ್ಯ. ಅಂತೆಯೇ 2023ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿಗಳ ಇಂಗ್ಲಿಷ್ ಆಮಂತ್ರಣ ಪತ್ರಿಕೆಯಲ್ಲಿ ಇಂಡಿಯಾದ ಜಾಗದಲ್ಲಿ ಭಾರತ ಎಂದು ಅಚ್ಚಾದಾಗ ಎದ್ದ ವಾದದಲ್ಲಿ ಎರಡೂ ಪಕ್ಷದವರು ಹೆಸರುಗಳ ಹುಟ್ಟನ್ನು ಕೆದಕಿದ್ದು ಹೆಚ್ಚಾಯಿತು, ಯಾವ ಭಾಷೆಯ ವಾಕ್ಯದಲ್ಲಿ ಯಾವ ಹೆಸರು ಎಂಬುದನ್ನು ಕೇಳಿದ್ದು ಕಡಿಮೆಯಾಯಿತು.

'ಭಾರತ'ಕ್ಕೂ ಅದರದೇ ಬಳಕೆಯ ಚರಿತ್ರೆಯಿದೆ. ಅಶೋಕನು ರಾಜಸ್ಥಾನದ ಬೈರಾಟದಲ್ಲಿ ಸಿಕ್ಕಿದ ಶಾಸನದಲ್ಲಿ ತನ್ನನ್ನು ಮಗಧದ ರಾಜನೆಂದು ಕರೆದುಕೊಳ್ಳುತ್ತಾನೆ, ಭಾರತದ ರಾಜನೆಂದಲ್ಲ. ಕಲಿಂಗದ ಖಾರವೇಲನ ಹಾಥಿಗುಂಫಾ ಶಾಸನದಲ್ಲಿ ಭಾರತವರ್ಷದ ಹೆಸರು ಬರುತ್ತದೆ, ಆದರೆ ಅಲ್ಲಿ ಅದಕ್ಕೆ ಉತ್ತರದ ಸೀಮೆ ಎಂಬಷ್ಟೇ ಅರ್ಥವೆಂದು ವಿದ್ವಾಂಸರು ತಿಳಿಯುತ್ತಾರೆ. ಹಿಮಾಲಯದಿಂದ ಕಡಲಿನವರೆಗಿನ ನೆಲ ಭಾರತ ಎಂಬ ವಿವರಣೆ ಪುರಾಣಗಳದು. ಆ ಪುರಾಣಗಳಲ್ಲಿ ಜಂಬೂದ್ವೀಪದ ಒಂಬತ್ತು ಭಾಗಗಳಲ್ಲಿ ಭಾರತವರ್ಷ ಒಂದು. ಪೂಜೆಗೆ ಕೂತ ಪುರೋಹಿತರ ಸಂಕಲ್ಪದಲ್ಲಿ ಇಂದಿಗೂ ಜಂಬೂದ್ವೀಪ, ಭರತವರ್ಷ, ಭರತಖಂಡ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದು ಇದೇ ಲೆಕ್ಕದಿಂದ. ಅಂದರೆ ಮಸ್ಕಿಯ ಬಂಡೆಯ ಹೆಸರು ಸತ್ತಿಲ್ಲ. ಕಚೇರಿಯಿಂದ ಹೊರಬಿದ್ದು ಸಂಕಲ್ಪದಲ್ಲಿ ಉಳಿದುಕೊಂಡಿದೆ. ಸಿಂಹಳದ ಪಾಲಿ ಗ್ರಂಥಗಳಿಗೆ ಅದು ಕಡಲಾಚೆಯ ಈ ದೇಶದ ಹೆಸರು.

ಇಂಗ್ಲಿಷ್ ಬಳಕೆ ಹೆಸರನ್ನು ಜಾಗ ಬಿಟ್ಟು ಒಯ್ಯುವುದಕ್ಕೆ ಕನ್ನಡಿಗರಿಗೆ ಇಂಡಿಯಾಕ್ಕಿಂತ ನೋವಿನ ಉದಾಹರಣೆ 'ಕರ್ನಾಟಿಕ್'. ವಿಜಯನಗರದ ಅರಸರು ಕರ್ನಾಟಕದ ಅರಸರೆನಿಸಿಕೊಂಡು, ಆಮೇಲೆ ತೆಂಕಣ ಮೂಡಲಿಗೆ ಸರಿದಾಗ ಹೆಸರೂ ಅವರೊಡನೆ ಸರಿಯಿತು. ಇಂಗ್ಲಿಷರ ಕಡತಗಳಲ್ಲಿ ಅದು ಆರ್ಕಾಟಿನ ನವಾಬನ ತಮಿಳು ಕರಾವಳಿಗೆ ಅಂಟಿಕೊಂಡು, ಅಲ್ಲಿ ನಡೆದ ಯುದ್ಧಗಳು ಕರ್ನಾಟಿಕ್ ಯುದ್ಧಗಳಾದವು. ಕನ್ನಡ ನಾಡು ತನ್ನ ಹೆಸರನ್ನು ಮರಳಿ ಪಡೆಯಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಸಿಂಧನೂರಿಗೆ ಬಂದರೆ ದೇಶದ ಹೆಸರಿನ ಪ್ರಶ್ನೆ ಪುಸ್ತಕದಿಂದ ಇಳಿದು ಹೊಲಕ್ಕೆ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ 'ಕ್ಯಾಂಪ್' ಎಂಬ ಇಂಗ್ಲಿಷ್ ಮಾತು ಊರಿನ ಹೆಸರಿನ ಬಾಲವಾಗಿ ಅಚ್ಚಕನ್ನಡವೇ ಆಗಿಬಿಟ್ಟಿದೆ. ಅಂಥ ಕ್ಯಾಂಪುಗಳಲ್ಲಿ ಆರ್.ಎಚ್. ಕ್ಯಾಂಪುಗಳು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಕಟ್ಟಿಕೊಟ್ಟ ನೆಲೆಗಳು. ಈ ಜನರು ಬಿಟ್ಟುಬಂದ ನೆಲಕ್ಕೆ 1947ರಲ್ಲಿ ಪೂರ್ವ ಬಂಗಾಳವೆಂದೂ, 1955ರಿಂದ ಪೂರ್ವ ಪಾಕಿಸ್ತಾನವೆಂದೂ, 1971ರಿಂದ ಬಾಂಗ್ಲಾದೇಶವೆಂದೂ ಹೆಸರು. ಆ ಕೊನೆಯ ಹೆಸರನ್ನು ಆರಂಭದಲ್ಲಿ ಇಂಗ್ಲಿಷ್ ಪತ್ರಿಕೆಗಳು 'ಬಾಂಗ್ಲಾ ದೇಶ್' ಎಂದು ಎರಡು ಪದವಾಗಿ ಒಡೆದು ಬರೆಯುತ್ತಿದ್ದವು. ಪತ್ರಿಕೆಗಳು ಈ ಕುಟುಂಬಗಳನ್ನು 'ಬಾಂಗ್ಲಾ ವಲಸಿಗರು' ಎಂದು ಬರೆಯುವಾಗ ಆಗುವ ತಪ್ಪು ಸೂಕ್ಷ್ಮವಾದದ್ದು: 1971ಕ್ಕೆ ಮುಂಚೆ ಬಂದವರು ಬಾಂಗ್ಲಾದೇಶವೆಂಬ ಹೆಸರಿನ ದೇಶದಲ್ಲಿ ಒಂದು ದಿನವೂ ಬಾಳಲಿಲ್ಲ. ಅವರು ತೊರೆದ ಮೇಲೆ ಹುಟ್ಟಿದ ದೇಶದ ಹೆಸರು ಅವರ ಬೆನ್ನಿಗೆ ಅಂಟಿದೆ. ಬಂಗಾಳಿ ಎಂಬುದು ಭಾಷೆಯ ಹೆಸರು, ಬಾಂಗ್ಲಾದೇಶ ಎಂಬುದು ರಾಜ್ಯದ ಹೆಸರು. ಇವೆರಡನ್ನು ಒಂದು ಮಾಡಿದರೆ ಸಿಂಧನೂರಿನಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಕ್ಕಳಿಗೂ ಪರದೇಶದ ಹೆಸರಿನ ಹೊರೆ ತಪ್ಪುವುದಿಲ್ಲ. ಇದನ್ನು ತಿದ್ದಿಕೊಳ್ಳಲು ಕಾನೂನು ಬೇಕಿಲ್ಲ, ಪತ್ರಿಕೆಯವರ ಗಮನ ಸಾಕು.

ಬಾನುಲಿಯ ಹೆಸರಿನಲ್ಲೂ ಈ ಕಥೆಯ ಒಂದು ತುಣುಕಿದೆ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ನಿಲಯದ ಹೆಸರು ಆಕಾಶವಾಣಿ. ಸರ್ಕಾರದ ಸಂಸ್ಥೆ 1936ರಲ್ಲಿ ಪಡೆದ ಇಂಗ್ಲಿಷ್ ಹೆಸರು ಆಲ್ ಇಂಡಿಯಾ ರೇಡಿಯೋ. ಮುಂದೆ ಸರ್ಕಾರದ ಸಂಸ್ಥೆಯೂ ಆಕಾಶವಾಣಿ ಎಂಬುದನ್ನು ತನ್ನದಾಗಿಸಿಕೊಂಡ ಮೇಲೆ ಎರಡು ಹೆಸರುಗಳೂ ಬಹುಕಾಲ ಜಗಳವಿಲ್ಲದೆ ಒಂದೇ ಮನೆಯಲ್ಲಿದ್ದವು, ಕನ್ನಡದ ವಾರ್ತೆಗೆ ಒಂದು, ಇಂಗ್ಲಿಷ್ ವಾರ್ತೆಗೆ ಇನ್ನೊಂದು. 2023ರಲ್ಲಿ ಇಂಗ್ಲಿಷಿನಲ್ಲೂ ಆಕಾಶವಾಣಿ ಎಂದೇ ಬಳಸಬೇಕೆಂದು ಆದೇಶವಾಯಿತು.

ಮಕ್ಕಳನ್ನು ಮಸ್ಕಿಯ ಬಂಡೆಗೆ ಕರೆದೊಯ್ಯುವ ಲಿಂಗಸುಗೂರು, ಸಿಂಧನೂರು ಕಡೆಯ ಶಾಲೆಗಳ ಉಪಾಧ್ಯಾಯರಲ್ಲಿ ಒಂದು ವಿನಂತಿ: 'ಅಶೋಕ' ಎಂಬ ಹೆಸರನ್ನು ವಿವರಿಸಿದ ಮೇಲೆ ಅಲ್ಲಿಗೇ ನಿಲ್ಲಿಸದೆ 'ಜಂಬುದೀಪ' ಎಂಬ ಮಾತನ್ನೂ ಹೇಳಿಕೊಡಬೇಕು, ಹೇಳಿಕೊಟ್ಟ ಬಳಿಕ ಎಡೆದೊರೆ ಮತ್ತು ದೋಆಬ್ ಎಂಬ ಮಾತುಗಳನ್ನು ಅದರ ಪಕ್ಕದಲ್ಲಿ ಬರೆಸಬೇಕು.